ಬರ್ತೀನಿ ಅಂದ ಬಾಯಿ

ಹಳೇ ಊರಿನ ಕೋಟೆಬಾಗಿಲೊಳಗೆ ಕಾರು ನುಗ್ಗಿಸುವುದೆಂದರೆ ಸೂಜಿಗೆ ದಾರ ಪೋಣಿಸುವ ಕೆಲಸ. ರೇಡಿಯೊ ಒಂದೇ ಸಲಕ್ಕೆ ಪೋಣಿಸಿದಳು. ಪಕ್ಕದ ಕನ್ನಡಿಗಳನ್ನು ಮಡಚಿ, ಎರಡೂ ಕಡೆಯ ಕಲ್ಲಿಗೆ ಬಣ್ಣ ತಾಗದಂತೆ ಒಳಗೆ ಬಂದು, ಹಿಂದಿನಿಂದ ಹಾರನ್ ಬಾರಿಸುತ್ತಿದ್ದ ವ್ಯಾನಿನವನಿಗೆ ಕಿಟಕಿಯಿಂದ ಕೈ ತೋರಿಸಿ, "ತಡ್ಕೊಳ್ಳಪ್ಪಾ, ಕೋಟೆ ಎಲ್ಲಿಗೂ ಓಡಿಹೋಗಲ್ಲ" ಎಂದಳು. ವ್ಯಾನಿನವನು ಕಾರಿನ ನೆತ್ತಿಯ ಮೇಲಿದ್ದ 'ಕಲಿಯುವವರಿದ್ದಾರೆ, ದೂರವಿರಿ' ಎಂಬ ಹಲಗೆ ನೋಡಿ ಹೆದರಿ ಸುಮ್ಮನಾದ. ಆ ಹಲಗೆಯ ಕೆಳಗೆ ಕೂತವಳು ಕಲಿಸುವವಳು ಎಂಬುದು ಅವನಿಗೇನು ಗೊತ್ತು ಪಾಪ.

ರೇಡಿಯೊ ಎಂಬ ಹೆಸರಿಟ್ಟವರು ಹಾಸ್ಟೆಲಿನ ಹುಡುಗಿಯರು. ಬೆಳಿಗ್ಗೆ ಕಣ್ಣು ಬಿಟ್ಟಲ್ಲಿಂದ ವಾರ್ಡನ್ ಬಂದು ದೀಪ ಆರಿಸುವವರೆಗೂ ಅವಳ ಬಾಯಿ ನಿಂತದ್ದಿಲ್ಲ. ಮದುವೆಯಾದ ಮೇಲೆ ಆ ರೇಡಿಯೊ ನಿಂತುಹೋಯಿತು. ಗಂಡ ಜವಳಿ ಅಂಗಡಿಯವರು. ಅಂಗಡಿಗೂ ಯಜಮಾನರು, ಮನೆಗೂ ಯಜಮಾನರು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ ಇರುವುದು ಅವರಿಗೆ ಬಹಳ ಅನುಕೂಲವಾಗಿತ್ತು. ಕುಡಿತವಿಲ್ಲ, ಹೊಡೆತವಿಲ್ಲ, ಒಂದು ದಿನ ದನಿ ಎತ್ತಿದವರಲ್ಲ. ಅವರ ಚಟ ಒಂದೇ: ಹೆಂಡತಿಯ ಮಾತನ್ನು ಅವರೇ ಮುಗಿಸುವುದು. ಅವಳು "ನನಗೆ" ಎಂದು ಬಾಯಿ ತೆರೆದರೆ ಅವರು "ತಲೆನೋವು" ಎಂದು ಮುಗಿಸುವರು. ನೆಂಟರು ಅವಳನ್ನು ಏನಾದರೂ ಕೇಳಿದರೆ ಎರಡು ಸಲ ಕೆಮ್ಮಿ, "ಇವಳು ಹೇಳೋದು ಏನಂದ್ರೆ" ಎಂದು ಶುರು ಹಚ್ಚುವರು. ಅವಳು ಏನನ್ನೂ ಹೇಳಿರುತ್ತಿರಲಿಲ್ಲ. ನೋಡಿದವರೆಲ್ಲ, ಆಹಾ, ಎಂಥ ಹೊಂದಾಣಿಕೆ, ಅವಳ ಮನಸ್ಸಿನಲ್ಲಿರುವುದು ಇವರಿಗೆ ಗೊತ್ತಾಗಿಬಿಡುತ್ತದೆ ಎಂದು ಹೊಗಳಿದ್ದೇ ಹೊಗಳಿದ್ದು.

ಈ ಹೊಂದಾಣಿಕೆ ಮುರಿದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಹಲ್ಲುನೋವಿಗೆ ಮುಖ ಹಿಂಡಿಕೊಂಡು ಕೂತವಳನ್ನು ಡಾಕ್ಟರು "ಯಾವ ಕಡೆ ನೋವು?" ಎಂದು ಕೇಳಿದರು. ಎದುರಿಗೆ ನಿಂತಿದ್ದ ಯಜಮಾನರು ಕೆಮ್ಮಿ, "ಎಡಗಡೆ" ಎಂದರು. ಅವರ ಎಡಗಡೆ ಹೌದು. ಅವರಿಗೆ ಮುಖಮಾಡಿ ಕೂತವಳಿಗೆ ಅದು ಬಲಗಡೆ. ಡಾಕ್ಟರಿಗೆ ಅಂದು ಗಡಿಬಿಡಿ, ಎಡದವಡೆಯ ಹಲ್ಲಿನ ಮೇಲೂ ಒಂದು ಕಪ್ಪು ಚುಕ್ಕೆ ಇತ್ತು, ಸೂಜಿ ಚುಚ್ಚಿಯೇಬಿಟ್ಟರು. ಅವಳು ಕೈ ಎತ್ತಿದಳು. "ಹೆದರ್ಕೋತಾಳೆ, ನೀವು ಮಾಡಿ" ಎಂದರು ಯಜಮಾನರು. ಗಟ್ಟಿಮುಟ್ಟಾದ ಹಲ್ಲೊಂದು ಟ್ರೇಗೆ ಬಿತ್ತು. ಆಮೇಲೆ ವಿಷಯ ಗೊತ್ತಾದಾಗ ಅವರು ಅಂದದ್ದು ಇಷ್ಟೇ: "ಹೋಗ್ಲಿ ಬಿಡು, ಅದೂ ಒಂದಿನ ಹಾಳಾಗೋದೇ ಇತ್ತು."

ಆ ವಾರವೇ ಅವಳು ಬಟ್ಟೆ ತುಂಬಿಕೊಂಡು ಮನೆ ಬಿಟ್ಟಳು. ಅಂಗಡಿಯ ವ್ಯಾನು ಓಡಿಸಿ ಅಭ್ಯಾಸವಿದ್ದದ್ದರಿಂದ ಡ್ರೈವಿಂಗ್ ಶಾಲೆಯಲ್ಲಿ ಕೆಲಸ ಸಿಕ್ಕಿತು, ಬಾಡಿಗೆಗೊಂದು ಕೋಣೆಯೂ ಸಿಕ್ಕಿತು. ಎಲ್ಲ ಸುಸೂತ್ರ. ಹೊರಡುವಾಗ ಮಾಡಿಕೊಂಡ ಒಂದು ಎಡವಟ್ಟನ್ನು ಬಿಟ್ಟು.

ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹಲ್ಲು ಕಚ್ಚಿ (ಉಳಿದ ಹಲ್ಲುಗಳನ್ನು), ಒಳಗೆ ಪೇಪರು ಓದುತ್ತಿದ್ದ ಗಂಡನ ಕಡೆ ತಿರುಗಿ ಅವಳು ಹೇಳಿದ್ದು: "ಬರ್ತೀನಿ."

ನಮ್ಮಲ್ಲಿ ಯಾರು ತಾನೇ ಹೊರಡುವಾಗ 'ಹೋಗ್ತೀನಿ' ಅನ್ನುತ್ತಾರೆ ಹೇಳಿ. ಹಾಲು ತರಲು ಹೋಗುವವಳೂ ಬರ್ತೀನಿ, ಹಡಗು ಹತ್ತುವವನೂ ಬರ್ತೀನಿ. ನಾಲಿಗೆಗೆ ಬೇರೆ ಮಾತು ಗೊತ್ತಿರಲಿಲ್ಲ, ಬಂದುಬಿಟ್ಟಿತು. ಅಷ್ಟು ಸಾಕಾಯಿತು. ಅಂದಿನಿಂದ ಯಜಮಾನರು ಕೇಳಿದವರಿಗೆಲ್ಲ, "ಮನೆ ಬಿಟ್ಟು ಹೋಗಿಲ್ಲ. ಬರ್ತೀನಿ ಅಂತ ಹೇಳೇ ಹೋಗಿದ್ದಾಳೆ. ಕೋಪ ಇಳಿದ ಮೇಲೆ ಬರ್ತಾಳೆ" ಎನ್ನತೊಡಗಿದರು. ಅತ್ತೆ, ನಾದಿನಿ, ಸ್ವಂತ ಅಣ್ಣ, ಎಲ್ಲರೂ ಫೋನು ಮಾಡಿ ಅದನ್ನೇ ಹೇಳಿದರು: ನೀನೇ ಅಂದೆಯಂತಲ್ಲ, ಯಾವಾಗ ಬರ್ತೀಯ? ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮುಗಿಯದ ಅವಳ ಮಾತುಗಳಲ್ಲಿ ಪೂರ್ತಿ ಹೊರಬಂದದ್ದು ಅದೊಂದೇ. ಅದೂ ಅವರ ಪಾಲಾಯಿತಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದ ಒಬ್ಬಳೇ ಒಬ್ಬಳೆಂದರೆ ಗುಬ್ಬಿ. ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು, ಈಗ ಈ ಊರಿನ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಎರಡು ದಿನ ಇದ್ದು ಹೋಗು ಬಾ ಎಂದು ಕರೆದವಳೂ ಅವಳೇ. ಹೆಸರಿಗಷ್ಟೇ ಗುಬ್ಬಿ, ಈಗ ಮೆಟ್ಟಿಲಿಳಿದು ಬಂದರೆ ಮೆಟ್ಟಿಲಿಗೆ ಗೊತ್ತಾಗುತ್ತದೆ. ಯಾರು ಎದುರಿಗೆ ಬಂದರೂ ಮೊದಲು ಮೊಣಕೈ ಒಳಗಿನ ನರ ನೋಡುವುದು ಅವಳ ಅಭ್ಯಾಸ. ಶನಿವಾರ ಮಧ್ಯಾಹ್ನ ರೇಡಿಯೊ ಕಾರಿಳಿದಾಗಲೂ ಅಪ್ಪಿಕೊಂಡು, ಕೈ ತಿರುಗಿಸಿ ನೋಡಿ, "ನರ ಚೆನ್ನಾಗಿ ಎದ್ದಿದೆ. ಊಟ ಸರಿ ಮಾಡ್ತಿದ್ದೀಯ" ಎಂದಳು.

"ನೀನು ನೋಡಿದ್ರೆ ಊಟ ಬಿಟ್ಟು ಬೇರೇನೂ ಮಾಡ್ತಿಲ್ಲ" ಎಂದಳು ರೇಡಿಯೊ.

ಇಬ್ಬರೂ ಬೀದಿಯಲ್ಲೇ ಬಿದ್ದು ಬಿದ್ದು ನಕ್ಕರು. ಗುಬ್ಬಿಯ ಗಂಡ ಬಾಲ್ಕನಿಯಿಂದ ಬಗ್ಗಿ ನೋಡಿ ತಾವೂ ನಕ್ಕರು. ಅವರು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಯಾರ ಮೇಲೂ ಯಾರಿಗೂ ಮುನಿಸಿರಬಾರದು, ರಾಜರುಗಳೂ ಕೂಡ ಮಾತಾಡಿ ಬಗೆಹರಿಸಿಕೊಳ್ಳಬಹುದಿತ್ತು ಎನ್ನುವ ಜಾತಿ.

ಸಂಜೆ ಊರು ನೋಡಲು ಹೊರಟರು. ಮೇಷ್ಟ್ರು ದಾರಿ ತೋರಿಸಲೆಂದು ಮುಂದೆ ಕೂತರು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಅದು ಕಲಿಸುವವರ ಜಾಗ. ಮೇಷ್ಟ್ರು ಒಂದು ಹಳೇ ಮಂಟಪ ತೋರಿಸುವ ಉತ್ಸಾಹದಲ್ಲಿ ಕಾಲು ಒತ್ತಿದರು, ಕಾರು ನಡುಬೀದಿಯಲ್ಲಿ ಗಕ್ಕನೆ ನಿಂತಿತು. ಗುಬ್ಬಿಯ ಹಣೆ ಮುಂದಿನ ಸೀಟಿಗೆ ಬಡಿಯಿತು.

"ಮೇಷ್ಟ್ರೇ, ಆ ಪೆಡಲ್ಲಿಂದ ಕಾಲು ತೆಗೀರಿ. ಓಡಿಸ್ತಿರೋಳು ನಾನು."

"ಅಯ್ಯೋ, ಗೊತ್ತೇ ಆಗ್ಲಿಲ್ಲಮ್ಮ."

"ಅದೇ ತೊಂದ್ರೆ. ಒತ್ತೋರಿಗೆ ಗೊತ್ತೇ ಆಗಲ್ಲ" ಎಂದಳು ರೇಡಿಯೊ. ಆಮೇಲೆ ದಾರಿಯುದ್ದಕ್ಕೂ ಮೇಷ್ಟ್ರು ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡೇ ಇತಿಹಾಸ ಹೇಳಿದರು.

ಅರಮನೆಯಲ್ಲಿ ರಾಣಿಯ ಕೋಣೆ ಇತ್ತು. ಕಿಟಕಿಯ ಪಕ್ಕ ಸಣ್ಣದೊಂದು ಪೀಠ, ಅದರ ಮುಂದೆ ಹಗ್ಗ ಕಟ್ಟಿ ಫಲಕ ಹಾಕಿದ್ದರು: 'ರಾಣಿಯು ಇಲ್ಲಿ ಕುಳಿತು ಕಸೂತಿ ಹಾಕುತ್ತಿದ್ದಳು. ಆಕೆಗೆ ರಾಜ್ಯಭಾರದಲ್ಲಿ ಆಸಕ್ತಿ ಇರಲಿಲ್ಲ.' ರೇಡಿಯೊ ಅದನ್ನು ಓದಿ ಅಲ್ಲೇ ನಿಂತಳು.

"ಹೀಗಂತ ರಾಣಿ ಹೇಳಿದ್ಲಾ, ರಾಜ ಹೇಳಿದ್ನಾ?"

ಮೇಷ್ಟ್ರು ತಲೆ ಕೆರೆದುಕೊಂಡರು. "ರಾಣಿ ಹೇಳಿದ್ದು ಅಂತ ಎಲ್ಲೂ ಸಿಗೋದಿಲ್ಲ."

"ಸಿಗಲ್ಲ ಬಿಡಿ. ಅವಳು ಬಾಯಿ ತೆಗೆದಾಗ ರಾಜ ಕೆಮ್ಮಿರ್ತಾನೆ."

ಗುಬ್ಬಿ ನಗಲಿಲ್ಲ. ಬೇರೆ ಸಮಯವಾಗಿದ್ದರೆ ಅವಳು ಅರಮನೆ ಹಾರಿಹೋಗುವಂತೆ ನಗುತ್ತಿದ್ದಳು. ರೇಡಿಯೊ ಅದನ್ನು ಗಮನಿಸಿದಳು, ಆದರೆ ಕಾಲುನೋವಿರಬೇಕು ಎಂದುಕೊಂಡಳು.

ಊಟವಾದ ಮೇಲೆ ಅಡುಗೆಮನೆಯಲ್ಲಿ ಗುಬ್ಬಿ ತೊಳೆದ ಪಾತ್ರೆಯನ್ನೇ ತೊಳೆಯುತ್ತ ಮಾತು ತೆಗೆದಳು. "ಒಂದು ಕೇಳ್ತೀನಿ, ಬೈಬೇಡ. ಬರ್ತೀನಿ ಅಂದಿದ್ದೆಯಲ್ಲ ನೀನು. ಒಳಗೆಲ್ಲೋ ಒಂಚೂರು ಮನಸ್ಸಿತ್ತೇನೋ? ಸುಮ್ನೆ ಬರುತ್ತಾ ಅಂಥ ಮಾತು?"

"ಸುಮ್ನೇ ಬರುತ್ತೆ. ಆಕಳಿಕೆ ಬಂದ ಹಾಗೆ."

"ಅವರಿಗೂ ವಯಸ್ಸಾಯ್ತು. ಎದುರಾಬದುರಾ ಕೂತು ಒಂದು ಸಲ ಮಾತಾಡಿದ್ರೆ..."

"ಮಾತಾಡೋದಾ? ನಾನಾ?" ರೇಡಿಯೊ ಬಾಯಿ ಅಗಲಿಸಿ ಎಡದವಡೆಯ ಕಿಂಡಿ ತೋರಿಸಿದಳು. "ನೋಡು. ಹೋದ ಸಲ ಅವರು ನನ್ನ ಪರವಾಗಿ ಮಾತಾಡಿದ್ದು ಇಲ್ಲಿದೆ."

ಗುಬ್ಬಿ ಮತ್ತೆ ಪಾತ್ರೆಗೆ ಕೈ ಹಾಕಿದಳು.

ಭಾನುವಾರ ಬೆಳಿಗ್ಗೆ ಪಿಸುಮಾತಿನ ಗುಮ್ಮಟ. ಊರಿಗೆ ಬಂದವರು ಅದನ್ನು ನೋಡದೆ ಹೋಗುವುದಿಲ್ಲ. ಕಿರಿದಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಗುಮ್ಮಟದ ಒಳಗೋಡೆಯ ಸುತ್ತಲೂ ಓಡಾಡಲು ಒಂದು ಜಗಲಿ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಮಾತು ಗೋಡೆ ಹಿಡಿದು ಸುತ್ತಿ, ಎದುರುಗಡೆ ಗೋಡೆಗೆ ಕಿವಿಗೊಟ್ಟವರಿಗೆ ಪಕ್ಕದಲ್ಲೇ ಹೇಳಿದಂತೆ ಕೇಳಿಸುತ್ತದೆ. ಬೆಳಿಗ್ಗೆಯೇ ಜನ ಸೇರಿದ್ದರು. ಗೋಡೆಯುದ್ದಕ್ಕೂ ಎಲ್ಲರೂ ಕಿವಿ ಅಂಟಿಸಿಕೊಂಡು, ಪಕ್ಕದ ಮನೆಯ ಜಗಳ ಕದ್ದು ಕೇಳುವವರ ಹಾಗೆ ನಿಂತಿದ್ದರು. ನಡುವೆ ಒಬ್ಬ ಕಾವಲುಗಾರ ಸೀಟಿ ಕಚ್ಚಿಕೊಂಡು ಓಡಾಡುತ್ತಿದ್ದ.

"ನೀವು ಇಲ್ಲೇ ನಿಂತ್ಕೊಳ್ಳಿ. ಗುಬ್ಬಿ ಆ ಕಡೆ ಇರ್ತಾಳೆ. ಏನಾದ್ರೂ ಹೇಳಿ, ಉತ್ತರ ಬರುತ್ತೆ" ಎಂದು ಮೇಷ್ಟ್ರು ಅವಳನ್ನು ನಿಲ್ಲಿಸಿ ಹೋದರು. ಮಬ್ಬು ಬೆಳಕಿನಲ್ಲಿ ಎದುರುಗಡೆ ನಿಂತವರು ಹೆಬ್ಬೆರಳಷ್ಟು ಚಿಕ್ಕದಾಗಿ ಕಾಣುತ್ತಿದ್ದರು.

ರೇಡಿಯೊ ತಣ್ಣನೆಯ ಗಾರೆಗೆ ಬಾಯಿ ತಂದು, ನಗು ತಡೆದುಕೊಂಡು ಪಿಸುಗುಟ್ಟಿದಳು. "ಗುಬ್ಬೀ, ವಾರ್ಡನ್ ಚಪ್ಪಲಿ ನೀರಿನ ಟ್ಯಾಂಕಿಗೆ ಎಸೆದಿದ್ದು ನೀನು. ಬೈಸಿಕೊಂಡಿದ್ದು ನಾನು. ಇವತ್ತು ಒಪ್ಕೊ."

ಕಿವಿಗೊಟ್ಟಳು. ಗೋಡೆ ಎರಡು ಸಲ ಕೆಮ್ಮಿತು.

ಆ ಕೆಮ್ಮನ್ನು ಅವಳು ನಿದ್ದೆಯಲ್ಲಿದ್ದರೂ ಗುರುತಿಸಬಲ್ಲಳು.

"ನಾನು" ಎಂದಿತು ಗೋಡೆ, ಯಜಮಾನರ ದನಿಯಲ್ಲಿ. "ಬೆಳಗಿನ ಬಸ್ಸಿಗೆ ಬಂದೆ. ಆಯ್ತು, ನಿನ್ನ ಕೋಪಕ್ಕೂ ಒಂದು ಲೆಕ್ಕ ಇರ್ಲಿ. ಬರ್ತೀನಿ ಅಂತ ನೀನೇ ಹೇಳಿದ್ದೆ, ನಾನು ಕಾದೆ. ಇನ್ನು ಸಾಕು, ಹೊರಡು."

ಗುಬ್ಬಿ ಯಾಕೆ ನಗಲಿಲ್ಲ, ಪಾತ್ರೆ ಯಾಕೆ ತೊಳೆದೇ ತೊಳೆದಳು, ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ಗಂಡನ ಮೇಲಿನ ಕೋಪ ಹಳೆಯದು, ಅದಕ್ಕೆ ಅವಳು ಒಗ್ಗಿದ್ದಳು. ಗೆಳತಿಯ ಮೇಲಿನದು ಹೊಸ ಚಪ್ಪಲಿಯಂತೆ ಕಚ್ಚಿತು. ಇಳಿದು ಹೋಗಿಬಿಡೋಣ ಎಂದು ಒಂದು ಹೆಜ್ಜೆ ಇಟ್ಟಳು. ಆದರೆ ಇಳಿದು ಹೋದರೆ ಅದಕ್ಕೂ ಒಂದು ಅರ್ಥ ಹಚ್ಚುತ್ತಾರೆ. ಇವಳು ಇಳಿದು ಹೋಗಿದ್ದು ಏನಂದ್ರೆ, ಎಂದು. ಅವಳು ವಾಪಸು ಬಂದು ಗೋಡೆಗೆ ಮುಖ ಮಾಡಿ ನಿಂತಳು.

"ನಾನು ಬರ್ತೀನಿ ಅಂದಿದ್ದು..."

"ಗೊತ್ತು, ಮನಸ್ಸಿಂದಲೇ ಅಂದಿದ್ದು."

"ಅಲ್ಲ, ನನಗೆ..."

"ಬೇಜಾರಾಗಿತ್ತು. ಒಪ್ಕೋತೀನಿ."

"ಕೇಳಿ ಇಲ್ಲಿ, ನಾನು..."

"ಒಬ್ಬಳೇ ಇರೋದು ಕಷ್ಟ. ಅದನ್ನೇ ತಾನೇ ಹೇಳೋಕೆ ಹೊರಟಿದ್ದು?"

ಮನೆಯಲ್ಲಾದರೆ ಇದು ಸಲೀಸು. ಗುಮ್ಮಟದಲ್ಲಿ ಆಗಲಿಲ್ಲ. ಆಚೆಯಿಂದ ಹೊರಟ ಮಾತು, ಈಚೆಯಿಂದ ಹೊರಟ ಮಾತು ಗೋಡೆಯ ನಡುದಾರಿಯಲ್ಲಿ ಡಿಕ್ಕಿ ಹೊಡೆದು, ಸುತ್ತಲೂ ಗೊಳಗೊಳ ಸದ್ದೆದ್ದಿತು. ಕಿವಿಗೊಟ್ಟಿದ್ದವರೆಲ್ಲ ಮುಖ ಕಿವುಚಿದರು. ಕಾವಲುಗಾರ ಜೋರಾಗಿ ಸೀಟಿ ಊದಿದ.

"ಒಬ್ಬೊಬ್ಬರಾಗಿ! ಇಬ್ಬರೂ ಒಟ್ಟಿಗೆ ಮಾತಾಡಿದ್ರೆ ಯಾರದ್ದೂ ಕೇಳಿಸಲ್ಲ. ಆ ಕಡೆಯೋರು ಬಾಯಿ ಮುಚ್ಚಿ! ಮೊದಲು ಶುರು ಮಾಡಿದ್ದು ಈ ಅಮ್ಮ. ಇವರು ಮುಗಿಸೋವರೆಗೂ ಯಾರೂ ಉಸಿರೆತ್ತಬಾರ್ದು." ಅವನು ರೇಡಿಯೊ ಕಡೆ ತಿರುಗಿ ಕೈ ಬೀಸಿದ. "ಹೇಳಿ ಅಮ್ಮಾ. ನಿಧಾನಕ್ಕೆ ಹೇಳಿ."

ಅಂಥ ಅಪ್ಪಣೆಯನ್ನು ಅವಳ ಬದುಕಿನಲ್ಲಿ ಇನ್ನೊಬ್ಬರು ಕೊಟ್ಟಿರಲಿಲ್ಲ. ಅವಳ ನಾಲಿಗೆ ಎಡದವಡೆಯ ಕಿಂಡಿಯನ್ನು ಒಮ್ಮೆ ಮುಟ್ಟಿ ಬಂತು. ಈಗ ಅವಳು ಪಿಸುಗುಟ್ಟಲಿಲ್ಲ. ಹೊಸಬರಿಗೆ ಗೇರು ಹೇಳಿಕೊಡುವ ದನಿಯಲ್ಲಿ, ಒಂದೊಂದೇ ವಾಕ್ಯವಾಗಿ, ಗೋಡೆಗೆ ಹೇಳಿದಳು.

"ನೋಯ್ತಿದ್ದಿದ್ದು ಬಲಗಡೆ ಹಲ್ಲು."

ಮಾತು ಸುತ್ತಿ ಹೋಯಿತು.

"ಡಾಕ್ಟರು ಕೇಳಿದ್ದು ನನ್ನನ್ನ. ನೀವು ಎಡಗಡೆ ಅಂದ್ರಿ. ಕೈ ಎತ್ತಿದ್ರೆ ಹೆದರ್ಕೋತಾಳೆ ಅಂದ್ರಿ. ನಾನು ಹೆದರಿರಲಿಲ್ಲ. ಬೇಡ ಅಂತಿದ್ದೆ."

ಅವಳು ಉಸಿರು ತೆಗೆದುಕೊಂಡಳು. ಅವಸರವೇನಿರಲಿಲ್ಲ.

"ನನಗೆ ಒಬ್ಬಳೇ ಇರೋದು ಕಷ್ಟ ಇಲ್ಲ. ಬೆಳಿಗ್ಗೆ ಎದ್ದು ಏನು ತಿನ್ನಬೇಕು ಅಂತ ನನಗೇ ಗೊತ್ತಾಗುತ್ತೆ. ದಿನವೆಲ್ಲ ಮಾತಾಡ್ತೀನಿ, ಅದಕ್ಕೆ ಸಂಬಳ ಕೊಡ್ತಾರೆ. ನೀವು ಕೆಟ್ಟೋರು ಅಂತ ನಾನು ಯಾರ ಹತ್ರನೂ ಹೇಳಿಲ್ಲ, ಮುಂದೆನೂ ಹೇಳಲ್ಲ. ಆದ್ರೆ ಆ ಮನೇಲಿ ನಾನು ಇರಲಿಲ್ಲ ರೀ. ನೀವೊಬ್ಬರೇ ಇದ್ರಿ, ಇಬ್ಬರ ಮಾತೂ ಆಡ್ಕೊಂಡು."

ಅಷ್ಟು ಕೋಪದಲ್ಲೂ ಬಹುವಚನ ಬಿಡಲಿಲ್ಲ ನೋಡಿ ಮಹಾರಾಯಿತಿ.

"ಆವತ್ತು ಬಾಗಿಲಲ್ಲಿ ಬರ್ತೀನಿ ಅಂದಿದ್ದು ನನ್ನ ಬಾಯಿ. ಅಭ್ಯಾಸಬಲ. ಅದನ್ನ ಇಟ್ಕೊಂಡು ಊರೆಲ್ಲ ಹಂಚಿದ್ರಿ. ಇವತ್ತು ನಾನೇ ಹೇಳ್ತಿದ್ದೀನಿ, ಕಿವಿಗೊಟ್ಟು ಕೇಳಿ, ಬೇಕಾದ್ರೆ ಇದನ್ನೂ ಹಂಚಿ. ಹೋಗ್ತೀನಿ."

ಗುಮ್ಮಟ ಆ ಮಾತನ್ನು ಎಲ್ಲೆಲ್ಲಿಗೋ ಒಯ್ದು ಮುಟ್ಟಿಸಿತು. ರೇಡಿಯೊ ಕೆನ್ನೆ ಒರೆಸಿಕೊಂಡಳು. ಯಾವಾಗ ಒದ್ದೆಯಾಗಿತ್ತೋ ಅವಳಿಗೇ ತಿಳಿದಿರಲಿಲ್ಲ. ಮೈ ಹಗುರಾಗಿತ್ತು, ಜೊತೆಗೆ ಇಷ್ಟು ಸಣ್ಣ ಮಾತು ಹೇಳಲು ಅರ್ಧ ಆಯಸ್ಸು ಬೇಕಾಯಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

"ಈಗ ನಿಮ್ಮ ಸರದಿ ಸಾರ್" ಎಂದ ಕಾವಲುಗಾರ ಆಚೆಗೆ ಕೈ ತೋರಿಸಿ.

ಕೆಮ್ಮು ಬಂತು. ಇನ್ನೊಂದು ಕೆಮ್ಮು ಬಂತು. ಆಮೇಲೆ ಏನೂ ಇಲ್ಲ. ಯಜಮಾನರ ಮಾತೆಲ್ಲ ಹುಟ್ಟುತ್ತಿದ್ದದ್ದು ಹೆಂಡತಿಯ ಅರ್ಧ ಮಾತಿನ ಮೇಲೆ. ಅವಳು ಪೂರ್ತಿ ಹೇಳಿ ಮುಗಿಸಿದ ಮೇಲೆ ಅವರಿಗೆ ಹಿಡಿದುಕೊಳ್ಳಲು ತುದಿಯೇ ಸಿಗಲಿಲ್ಲ. ಕೊನೆಗೆ ಅವರು ಗೋಡೆ ಬಿಟ್ಟು ಪಕ್ಕದಲ್ಲಿ ಕಿವಿಗೊಟ್ಟಿದ್ದ ಯಾರೋ ಮುದುಕಿಯ ಕಡೆ ತಿರುಗಿ, "ಇವಳು ಹೇಳೋದು ಏನಂದ್ರೆ" ಎಂದು ಶುರು ಮಾಡಿದರು. ಅದೂ ಗೋಡೆ ಹಿಡಿದು ಸುತ್ತಿ ಬಂದು ಎಲ್ಲರಿಗೂ ಕೇಳಿಸಿತು. ಅದರ ಹಿಂದೆಯೇ ಮುದುಕಿಯ ಗಡುಸು ದನಿಯೂ ಬಂತು.

"ನಮಗೂ ಕೇಳಿಸ್ತು ಬಿಡಪ್ಪಾ."

ಕೆಳಗೆ ಕಾರಿನ ಹತ್ತಿರ ಯಜಮಾನರು ಆಗಲೇ ಬಂದು ನಿಂತಿದ್ದರು, ಕೈಯಲ್ಲಿ ಸಣ್ಣ ಚೀಲ. ತಲೆ ಸ್ವಲ್ಪ ನರೆತಿತ್ತು. ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಅದನ್ನು ಸರಿಮಾಡಲು ಅವಳ ಕೈ ತಾನಾಗಿ ಏಳಹೊರಟಿತು. ಬಾಯಿ ಮಾಡಿದ ತಪ್ಪನ್ನು ಕೈಗೆ ಮಾಡಗೊಡಲಿಲ್ಲ ಅವಳು. ಅವರು ಅಭ್ಯಾಸದಂತೆ ಮುಂದಿನ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತರು. ಕಾಲು ನೇರವಾಗಿ ಹೋಗಿ ಬ್ರೇಕಿನ ಮೇಲೆ ಕೂತಿತು.

"ಅಲ್ಲಿ ಬೇಡ. ಹಿಂದೆ ಕೂತ್ಕೊಳ್ಳಿ" ಎಂದಳು ರೇಡಿಯೊ. "ಬಸ್‌ಸ್ಟ್ಯಾಂಡ್‌ವರೆಗೆ ಬಿಡ್ತೀನಿ."

ಅವರು ಬಾಯಿ ತೆರೆದರು, ಅವಳ ಮುಖ ನೋಡಿದರು, ಇಳಿದು ಹಿಂದೆ ಹೋಗಿ ಮೇಷ್ಟ್ರ ಪಕ್ಕ ಕೂತರು. ಮೇಷ್ಟ್ರು ಇಂಗು ತಿಂದ ಮಂಗನಂತೆ ಕಿಟಕಿಯಾಚೆ ನೋಡುತ್ತಿದ್ದರು. ಮುಖ ತೋರಿಸಲಾರದ ಗುಬ್ಬಿ ಆಗಲೇ ಆಟೋ ಹಿಡಿದು ಮನೆಗೆ ಹೋಗಿದ್ದಳು. ದಾರಿಯಲ್ಲಿ ಎಷ್ಟೋ ಹಳೇ ಕಟ್ಟಡಗಳು ಬಂದವು, ಯಾವುದರ ಇತಿಹಾಸವನ್ನೂ ಅವರು ಹೇಳಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಯಜಮಾನರು ಇಳಿದರು. ಚೀಲ ಆ ಕೈಯಿಂದ ಈ ಕೈಗೆ ಬದಲಿಸಿದರು. ಏನಾದರೂ ಹೇಳಲೇಬೇಕೆಂದು ಕಿಟಕಿಗೆ ಬಗ್ಗಿ, "ಸರಿ ಹಾಗಾದ್ರೆ. ಬರ್ತೀನಿ" ಎಂದರು.

"ಬರಬೇಡಿ" ಎಂದಳು ರೇಡಿಯೊ. "ಹೋಗಿ."

ಹೇಳಿದ್ದು ಮೆತ್ತಗೆ. ಆದರೆ ಅದಕ್ಕೆ ಬೇರೆ ಅರ್ಥ ಹಚ್ಚಲು ಅವರಿಂದಲೂ ಆಗಲಿಲ್ಲ.

ಮನೆ ತಲುಪಿ ಅವಳು ಬಟ್ಟೆ ಚೀಲ ಕಾರಿಗೆ ಹಾಕಿದಳು. ಊಟಕ್ಕೆ ನಿಲ್ಲಲಿಲ್ಲ. ಮೇಷ್ಟ್ರು ತಪ್ಪೆಲ್ಲ ತಮ್ಮದೇ ಎಂದು ಹೇಳಹೋಗಿ ಅರ್ಧಕ್ಕೇ ನಿಂತರು. ಗುಬ್ಬಿ ಬೀದಿಬಾಗಿಲಲ್ಲಿ ಸೆರಗಿನ ತುದಿ ತಿರುಚುತ್ತ ನಿಂತಿದ್ದಳು. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು.

"ನಿನಗೆ ಒಳ್ಳೇದಾಗ್ಲಿ ಅಂತಲೇ ಅವರನ್ನ ಕರೆಸಿದ್ದು. ಒಳಗೊಳಗೇ ನಿನಗೂ ಅದೇ ಬೇಕಿರುತ್ತೆ ಅಂದ್ಕೊಂಡೆ."

"ನೀನೂ ನನ್ನ ಮಾತು ಮುಗಿಸೋಕೆ ಹೊರಟೆಯಲ್ಲೇ ಗುಬ್ಬಿ" ಎಂದಳು ರೇಡಿಯೊ. "ಅವರು ಮಾಡಿದ್ದಕ್ಕೆ ಹಲ್ಲು ಹೋಯ್ತು, ಸರಿ. ನೀನು ಮಾಡಿದ್ದು ಅದಕ್ಕಿಂತ ನೋಯ್ತು. ಕೇಳಬಹುದಿತ್ತು ನೀನು. ನಿನ್ನೆಯೇ, ಪಾತ್ರೆ ತೊಳೆಯೋದು ಬಿಟ್ಟು, ಅವರನ್ನ ಕರೆಸಲಾ ಅಂತ."

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳಬೇಕಾಗಿದ್ದು."

ರೇಡಿಯೊ ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡು ಕನ್ನಡಿ ಮಡಚಿದಳು. ಗುಬ್ಬಿ ಕಿಟಕಿಗೆ ಎರಡೂ ಕೈ ಇಟ್ಟು ನಿಂತಳು. ಈಗ ಇವಳು ಯಾವ ಮಾತು ಹೇಳಿ ಹೊರಡುತ್ತಾಳೆ ಎಂದು ಅವಳ ಜೀವವೆಲ್ಲ ಕಿವಿಗೆ ಬಂದಿತ್ತು. ಕೇಳಲು ಧೈರ್ಯವಿರಲಿಲ್ಲ. ಊಹಿಸಿ ಹೇಳುವ ಧೈರ್ಯವಂತೂ ಇನ್ನು ಜನ್ಮದಲ್ಲಿ ಬರುವಂತಿರಲಿಲ್ಲ. ಸುಮ್ಮನೆ ಕಾದಳು. ರೇಡಿಯೊ ಬೇಕೆಂದೇ ಅವಳನ್ನು ಸ್ವಲ್ಪ ಹೊತ್ತು ಕಾಯಿಸಿದಳು, ಗೇರು ಹಾಕಿದಳು, ಗುಬ್ಬಿಯ ಕೆಂಪು ಮೂಗು ನೋಡಿದಳು.

"ಬರ್ತೀನಿ" ಎಂದಳು.

ಗುಬ್ಬಿ ಕಿಟಕಿ ಬಿಡಲಿಲ್ಲ. "ಬಾಯಿ ಹೇಳಿದ್ದಾ? ನೀನು ಹೇಳಿದ್ದಾ?"

"ನಾನೇ" ಎಂದಳು ರೇಡಿಯೊ. "ಕೈ ತೆಗಿ ಈಗ."